ಜೀಪು ಹತ್ತದ ಸಫಾರಿ: ಗಂಗಾವತಿಯಿಂದ ಸಂಡೂರಿನವರೆಗೆ

ಮೊದಲ ದಿನ: ರಾಯಚೂರು, ಗಂಗಾವತಿ, ಬಂಕಾಪುರ

ಸಫಾರಿ ಅಂದರೆ ರಾಯಚೂರಿನವರಾದ ನಮಗೂ ಮೊದಲು ನೆನಪಾಗುವುದು ಬಂಡೀಪುರ, ನಾಗರಹೊಳೆ, ಕಬಿನಿ. ಅಲ್ಲಿ ಜೀಪು ಹತ್ತಬೇಕು, ಹುಲಿ ಹುಡುಕಿಕೊಂಡು ಹೋಗಬೇಕು. ನಮ್ಮ ಕಡೆ ಹಾಗಲ್ಲ. ಇಲ್ಲಿ ಒಂದು ಕಡೆ ಸುಮ್ನೆ ಕೂತರೆ ಪ್ರಾಣಿಯೇ ಬರುತ್ತದೆ, ಇಲ್ಲಾ ಬರುವುದಿಲ್ಲ. ಮೈಸೂರಿನಿಂದ ನಮ್ಮ ಮನೆಯವರ ಅಕ್ಕನ ಮಗ ಕ್ಯಾಮೆರಾ ಹೊತ್ತು ರಜೆಗೆ ಬಂದಿದ್ದ. ದಕ್ಷಿಣದ ಕಾಡುಗಳಲ್ಲೆಲ್ಲ ಸುತ್ತಿದ ಹುಡುಗ. "ನಮ್ಮ ಕಾಡನ್ನೂ ನೋಡು ಬಾ" ಅಂತ ಫೆಬ್ರುವರಿ ಕೊನೆಯ ಒಂದು ಬೆಳಿಗ್ಗೆ ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು.

ಮಾನ್ವಿ, ಸಿಂಧನೂರು ದಾಟಿ ಕಾರಟಗಿ ಹತ್ತಿರ ಬಂದರೆ ರಸ್ತೆಯ ಎರಡೂ ಕಡೆ ಭತ್ತವೇ ಭತ್ತ. ಎಲ್ಲಾ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಗದ್ದೆಯಲ್ಲಿ ಬೆಳ್ಳಕ್ಕಿ, ಬದುವಿನ ಮೇಲೆ ಮಿಂಚುಳ್ಳಿ, ವಿದ್ಯುತ್ ತಂತಿಯ ಮೇಲೆ ನೀಲಕಂಠ. ನಡುನಡುವೆ ರೈಸ್ ಮಿಲ್ಲಿನ ಚಿಮಣಿ, ಗಾಳಿಯಲ್ಲಿ ಹಾರುವ ತೌಡಿನ ದೂಳು. ಕಾರಟಗಿಯಲ್ಲಿ ಮಂಡಾಳು ವಗ್ಗರಣೆ, ಮಿರ್ಚಿ ತಿಂದೆವು. ಮಿರ್ಚಿ ಅಂದರೆ ಹುಡುಗ ಬರೀ ಹಸಿಮೆಣಸಿನಕಾಯಿ ಅಂದುಕೊಂಡಿದ್ದ. ಬಜ್ಜಿ ಬಂದಾಗ ಖುಷಿಪಟ್ಟ. ಒಳಗಿನ ಖಾರ ತಾಗಿದ ಮೇಲೆ ಎರಡು ಲೋಟ ನೀರು ಕುಡಿದು ಚಹಾನೂ ತರಿಸಿದ.

ಗಂಗಾವತಿ ದಾಟಿ ಕಾಲುವೆ ಇಲ್ಲದ ಕಡೆ ತಿರುಗಿದರೆ ಹಸಿರು ಒಮ್ಮೆಲೇ ನಿಂತುಬಿಡುತ್ತದೆ. ಒಂದರ ಮೇಲೊಂದು ಕೂತ ಗುಂಡುಕಲ್ಲುಗಳ ಬೆಟ್ಟ, ನಡುವೆ ಒಣ ಹುಲ್ಲು, ಕುರುಚಲು ಗಿಡ. ಬಂಕಾಪುರ ಇರುವುದು ಹೀಗೆ. ಕೊಪ್ಪಳ ಜಿಲ್ಲೆಯ ಈ 332.68 ಹೆಕ್ಟೇರ್ ಜಾಗವನ್ನು ತೋಳಗಳಿಗೆಂದೇ ವನ್ಯಧಾಮ ಮಾಡಿದ್ದಾರೆ. ರಾಜ್ಯದಲ್ಲಿ ತೋಳದ ಹೆಸರು ಮೊದಲು ಕೇಳಿಬಂದ ಕಾಡು ಮೇಲುಕೋಟೆಯದು. ಅದು ಮೈಸೂರಿನ ಹುಡುಗನಿಗೆ ಪಕ್ಕದ ಊರು. ಆದರೂ ಅವನು ಅಲ್ಲಿಗೆ ಹೋದದ್ದು ಪುಳಿಯೋಗರೆ ತಿನ್ನಲು ಮಾತ್ರ.

"ಅತ್ತೆ, ಕಾಡು ಎಲ್ಲಿ ಶುರುವಾಗುತ್ತೆ?" ಅಂತ ಕೇಳಿದ.

"ಆಗಲೇ ಶುರುವಾಗಿ ಅರ್ಧ ಗಂಟೆ ಆಯ್ತು" ಅಂದರು ನಮ್ಮವರು.

ನಂಬಲಿಲ್ಲ. ಅವನ ತಪ್ಪೂ ಅಲ್ಲ. ನಮ್ಮ ಊರಿನವರೇ ಇಂಥ ಜಾಗಕ್ಕೆ ಪಾಳುಭೂಮಿ ಅನ್ನುತ್ತಾರೆ. ಮರ ಇಲ್ಲದಿದ್ದರೆ ಕಾಡಲ್ಲ ಅನ್ನುವ ಲೆಕ್ಕ. ಆದರೆ ನಮ್ಮ ತೋಳಕ್ಕೆ ಬೇಕಾದದ್ದು ಇದೇ. ದೂರದವರೆಗೆ ಕಾಣುವ ಬಯಲು, ಮೊಲ ಸಿಗುವ ಹುಲ್ಲು, ಮರಿ ಹಾಕಲು ಬಂಡೆಯ ಪೊಟರೆ. ಇಲ್ಲಿ ಸಾಲಾಗಿ ಗಿಡ ನೆಟ್ಟು ಹಸಿರು ಮಾಡಿದರೆ ತೋಳಕ್ಕೆ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ.

ಪ್ರವಾಸಿಗಳು ಸುತ್ತಾಡುವ ಸಫಾರಿ ಇಲ್ಲಿಲ್ಲ. ಊರಿನಿಂದ ಊರಿಗೆ ಹೋಗುವ ರಸ್ತೆಯಲ್ಲೇ ಕಾರು ನಿಲ್ಲಿಸಿಕೊಂಡು ದುರ್ಬೀನು ಹಿಡಿದು ಕೂತೆವು. ಬಿಸಿಲು ಇಳಿದಿರಲಿಲ್ಲ. ಒಂದು ಉಡ ಕಲ್ಲಿನ ಸಂದಿಗೆ ಸರಿಯಿತು. ಗೌಜಲಹಕ್ಕಿಗಳು ಕೂಗುತ್ತಿದ್ದವು. ಅಷ್ಟರಲ್ಲಿ ಕುರಿ ಹಿಂಡು ಬಂತು. ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು, ಜೊತೆಗೆ ಎರಡು ನಾಯಿ.

"ಏನ್ ಹುಡುಕಾಕ್ಹತ್ತೀರಿ?"

"ತೋಳ ಕಾಣ್ತಾವೇನೋ ಅಂತ ಕೂತೀವಿ, ಯಜಮಾನ್ರ" ಅಂದೆ.

ನಕ್ಕರು. "ತ್ವಾಳ ನಿಮ್ಮನ್ನ ಆಗಲೇ ನೋಡಿರತೈತಿ ಬಿಡ್ರಿ."

ಕುರಿಗಳನ್ನು ಮೇಯಲು ಬಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ನಾವು ಕೊಟ್ಟ ಬಿಸ್ಕತ್ತನ್ನು ಅರ್ಧ ನಾಯಿಗೆ ಹಾಕಿ ಅರ್ಧ ತಾವು ತಿಂದರು. ರಾತ್ರಿ ಹೊಲದಲ್ಲಿ ಹಟ್ಟಿ ಹಾಕಿದಾಗ ಸುತ್ತ ಬಲೆ ಕಟ್ಟುತ್ತಾರಂತೆ. ಗಾಳಿ ಜೋರಾದ ರಾತ್ರಿ, ಮಳೆ ಬರುವ ರಾತ್ರಿ ಹೆದರಿಕೆ ಹೆಚ್ಚು. ನಾಯಿಗೆ ವಾಸನೆ ಸಿಗುವುದಿಲ್ಲ. ತೋಳಗಳು ಜೋಡಿಯಾಗಿ ಬಂದು, ಒಂದು ನಾಯಿಯನ್ನು ಆ ಕಡೆ ಎಳೆದುಕೊಂಡು ಹೋದರೆ ಇನ್ನೊಂದು ಈ ಕಡೆಯಿಂದ ಮರಿ ಎತ್ತುತ್ತದೆ. ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಇತ್ತು.

"ಹೋದ ಕುರಿಗೆ ದುಡ್ಡು ಯಾರು ಕೊಡ್ತಾರ ಅಜ್ಜಾರ?"

"ಅರ್ಜಿ ಹಾಕಬೇಕು. ಹೆಣ ತೋರಸಬೇಕು. ಅದು ಹೆಣ ಬಿಟ್ಟು ಹೋದ್ರ ತಾನ? ಒಯ್ದು ಬಿಡತೈತಿ. ಅದರ ಪಾಲು ಅದಕ್ಕ ಅಂತ ಬಿಡೋದು. ತ್ವಾಳಕ್ಕಿಂತ ಊರ ಬೀದಿನಾಯಿ ಕಾಟ ಜಾಸ್ತಿ ಆಗೈತಿ ಈಗ."

ಬೀದಿನಾಯಿ ತೋಳಕ್ಕೂ ಕಾಟವೇ. ರೋಗ ಅಂಟಿಸುತ್ತವೆ, ತೋಳದ ಜೊತೆ ಕೂಡಿ ಬೆರಕೆ ಮರಿಗಳೂ ಆಗುತ್ತವೆ. ಇದು ನಮ್ಮ ದೇಶದ ತೋಳಕ್ಕೆ ಈಗ ಇರುವ ದೊಡ್ಡ ಅಪಾಯಗಳಲ್ಲಿ ಒಂದು.

ಹುಡುಗನಿಗೆ ಪೊಟರೆ ಎಲ್ಲಿದೆ ಅಂತ ತಿಳಿಯುವ ಆಸೆ. ಚಳಿಗಾಲ ತೋಳ ಮರಿ ಹಾಕುವ ಕಾಲ, ಮರಿಗಳ ಫೋಟೋ ಸಿಕ್ಕರೆ ಅಂತ. ಸುತ್ತಿ ಬಳಸಿ ಕೇಳಿದ. ಅಜ್ಜ ಪೂರ್ವಕ್ಕೊಮ್ಮೆ ಕೈ ಮಾಡಿದರು, ಆಮೇಲೆ ಪಶ್ಚಿಮಕ್ಕೊಮ್ಮೆ. "ಆ ಕಡೀನೂ ಅದಾವು, ಈ ಕಡೀನೂ ಅದಾವು" ಅಂದು ಎದ್ದು ಕುರಿ ಹೊಡೆದುಕೊಂಡು ಹೋದರು. ಗೊತ್ತಿದ್ದೂ ಹೇಳಲಿಲ್ಲ ಅಂತ ಹುಡುಗನಿಗೆ ಬೇಜಾರು. ನನಗೆ ಆ ಅಜ್ಜನ ಮೇಲೆ ಗೌರವ ಬಂತು. ಪೊಟರೆ ಹತ್ತಿರ ಜನ ಓಡಾಡಿದರೆ ತಾಯಿ ತೋಳ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಆ ಸಾಗಾಟದಲ್ಲಿ ಮರಿ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ.

ಕತ್ತಲಾಗುವ ಹೊತ್ತಿಗೆ ಒಂದು ನರಿ ರಸ್ತೆ ದಾಟಿತು. ಬಾಲದ ತುದಿ ಕಪ್ಪು. ಅಷ್ಟೇ. ತೋಳ ಕಾಣಲಿಲ್ಲ. ಗಂಗಾವತಿಗೆ ವಾಪಸ್ ಬಂದು ಲಾಡ್ಜ್ ಹಿಡಿದೆವು. ಸೊಳ್ಳೆಬತ್ತಿ ಜೊತೆಗಿರಲಿ. ಸುತ್ತ ಭತ್ತದ ಗದ್ದೆ, ಸೊಳ್ಳೆಗೆ ಬರವಿಲ್ಲ.

ಎರಡನೇ ದಿನ: ಆನೆಗೊಂದಿಯ ಹೊಳೆ, ಆಮೇಲೆ ದರೋಜಿ

ಬೆಳಗಿನ ಐದೂವರೆಗೇ ಆನೆಗೊಂದಿ ದಾರಿ ಹಿಡಿದೆವು. ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಬಂದವರ ಬಸ್ಸುಗಳು ಅಷ್ಟು ಹೊತ್ತಿಗೇ ಸಾಲಾಗಿ ನಿಂತಿದ್ದವು. ನಾವು ಹೊಳೆಗೆ ಇಳಿದೆವು. ಗಾಳಿ ತಣ್ಣಗಿತ್ತು. ಸ್ವೆಟರ್ ಇದ್ದರೆ ಒಳ್ಳೆಯದು, ಒಂಬತ್ತಕ್ಕೆ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುವುದು ಇದ್ದೇ ಇದೆ.

ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯ ತನಕ ತುಂಗಭದ್ರೆಯ 34 ಕಿಲೋಮೀಟರ್ ಉದ್ದದ ಹರಿವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ನೀರುನಾಯಿಗೆಂದೇ ದೇಶದಲ್ಲಿ ಆದ ಮೊದಲ ಮೀಸಲು ಇದು. ಹಂಪಿ ನೋಡಲು ಬರುವ ಲಕ್ಷಾಂತರ ಜನ ಇದೇ ಹೊಳೆಯನ್ನು ತೆಪ್ಪದಲ್ಲಿ ದಾಟುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಳಗೆ ಯಾರಿದ್ದಾರೆ ಅಂತ ಕೇಳುವುದಿಲ್ಲ.

ದಡದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರ ಅಣ್ಣನೊಬ್ಬ ಸಿಕ್ಕ. ಮೊದಲು ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದ್ದು ನೀರುನಾಯಿಯನ್ನಲ್ಲ, ಅದರ ಹಿಕ್ಕೆಯನ್ನು. ನೀರಿನ ಅಂಚಿನ ಚಪ್ಪಟೆ ಬಂಡೆಯ ಮೇಲೆ ಬಿಳಿಚಿಕೊಂಡು ಒಣಗಿತ್ತು. ಬರೀ ಮೀನಿನ ಹುರುಪೆ, ಮುಳ್ಳು. ಹುಡುಗ ಬಗ್ಗಿ ಮೂಸಿ ನೋಡಿ ಹಿಂದಕ್ಕೆ ಹಾರಿದ.

"ಇಲ್ಲೇ ಬಂದು ಹಾಕ್ತಾವ್ರಿ, ದಿನಾ ಒಂದೇ ಜಾಗ. ಇದು ನಮ್ಮ ಏರಿಯಾ ಅಂತ ಹೇಳೋದು" ಅಂದ.

ಬಂಡೆಯ ಮೇಲೆ ಮಾತಾಡದೆ ಕೂತೆವು. ಹೊಳೆಯಲ್ಲಿ ನೀರು ಇಳಿದಿತ್ತು, ಎಲ್ಲೆಲ್ಲೂ ಕಲ್ಲು ಎದ್ದು ಕಾಣುತ್ತಿದ್ದವು. ನೀರುನಾಯಿ ನೋಡಲು ಇದೇ ಸರಿಯಾದ ಕಾಲ. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ಈ ಬಂಡೆಗಳೆಲ್ಲ ಮುಳುಗುತ್ತವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದು ನೆನಪಿದೆಯಲ್ವಾ? ಆ ದಿನಗಳ ಬಗ್ಗೆ ಅಣ್ಣನಿಗೆ ಹೇಳಿ ಮುಗಿಯದು. ದಡದ ತೆಪ್ಪಗಳನ್ನೆಲ್ಲ ಎತ್ತಿ ಮೇಲೆ ಕಟ್ಟಿದರಂತೆ. "ನೀರ್ನಾಯಿ ಎಲ್ಲಿ ಹೋಗಿದ್ವೋ ಏನೋ, ನೀರು ಇಳದ ಮ್ಯಾಲ ಮತ್ತ ಬಂದ್ವು ನೋಡ್ರಿ."

ಸೂರ್ಯ ಬಂಡೆಗಳ ಹಿಂದಿನಿಂದ ಏಳುವಾಗ ಮೊದಲು ಸಿಳ್ಳೆ ಕೇಳಿಸಿತು. ಸಣ್ಣ, ಚೂಪು ಸಿಳ್ಳೆ. ಆಮೇಲೆ ಮಡುವಿನ ಆಚೆ ಬದಿ ನೀರು ಗೀರಿಕೊಂಡು ಬರುವ ತಲೆಗಳು. ಐದು. ಮುಳುಗುತ್ತವೆ, ಏಳುತ್ತವೆ, ಒಂದು ಎದ್ದ ಕಡೆ ಇನ್ನೊಂದು ಮುಳುಗುತ್ತದೆ. ಸಾಲಾಗಿ ಹರಡಿಕೊಂಡು ಮೀನನ್ನು ದಡದ ಕಡೆಗೆ ಅಟ್ಟುತ್ತಿದ್ದವು. ಒಂದು ಕಲ್ಲು ಹತ್ತಿ, ಎರಡೂ ಮುಂಗಾಲಿನಲ್ಲಿ ಮೀನು ಹಿಡಿದು, ತಲೆಯ ಕಡೆಯಿಂದ ಕಚ್ಚತೊಡಗಿತು. ಮುಳ್ಳು ಮುರಿಯುವ ಸದ್ದು ನಮ್ಮವರೆಗೂ ಬಂತು. ಹೊಟ್ಟೆ ತುಂಬಿದ ಮೇಲೆ ಮರಳಿನಲ್ಲಿ ಉರುಳಾಡಿ ಮೈ ಒಣಗಿಸಿಕೊಂಡವು. ಹತ್ತು ನಿಮಿಷ ಇರಬಹುದು. ಮೇಲಿನ ಕಡೆಯಿಂದ ಯಾರೋ ಹಾಡು ಹಚ್ಚಿಕೊಂಡು ಬಂದರು, ಐದೂ ಮಾಯ.

"ಬಲೆ ಹರೀತಾವಂತಲ್ಲ, ಸಿಟ್ಟು ಬರಲ್ವಾ?" ಅಂತ ಹುಡುಗ ಕೇಳಿದ.

"ಬರತೈತಿ. ಬಲೆಗೆ ರೊಕ್ಕ ಕೊಟ್ಟಿರ್ತೀವಲ್ಲ. ಆದ್ರ ಅವು ಇದ್ದಲ್ಲಿ ಮೀನು ಅದಾವ ಅಂತ ನಮಗೂ ಗೊತ್ತಾಗತೈತಿ. ಖರೇ ಹಾಳು ಮಾಡೋರು ಸಿಡಿಮದ್ದು ಹಾಕೋರು. ಒಂದ್ ಸಲ ಢಂ ಅಂದ್ರ ಮರಿ, ತತ್ತಿ ಎಲ್ಲಾ ಹೋತು. ಮರಳು ತಗಿಯೋರು ದಂಡಿ ಕೆಡವತಾರ, ಆಮ್ಯಾಲ ಇವು ಬಿಲ ಎಲ್ಲಿ ತೋಡಬೇಕು?"

ಇಷ್ಟು ಮಾತಾಡುವಾಗ ಹುಡುಗ ಒದ್ದೆ ಬಂಡೆಯಿಂದ ಜಾರಿ ಮೊಣಕಾಲು ಮಟ್ಟ ನೀರಿಗಿಳಿದಿದ್ದ. ಕ್ಯಾಮೆರಾ ಕೈಯಲ್ಲಿ ಎತ್ತಿ ಹಿಡಿದದ್ದರಿಂದ ಉಳಿಯಿತು. ಪ್ಯಾಂಟಿನ ಕಿಸೆಯ ಮೊಬೈಲು ಉಳಿಯಲಿಲ್ಲ. ಅಣ್ಣ ನಗಲಿಲ್ಲ. "ಮೊಸಳಿ ಅದಾವ, ಲಗೂ ಮ್ಯಾಲ ಬಾ ತಮ್ಮಾ" ಅಂದ. ಅದು ಸುಮ್ನೆ ಹೆದರಿಸುವ ಮಾತಲ್ಲ. ಈ ಹೊಳೆಯಲ್ಲಿ ಮೊಸಳೆ ಇವೆ, ದಡದಲ್ಲಿ ಬೋರ್ಡೂ ಇದೆ. ಈಜಲು ಇಳಿಯಬೇಡಿ.

ತಿಂಡಿಗೆ ನಿಂತ ಸಣ್ಣ ಹೋಟೆಲಿನ ಯಜಮಾನತಿ ಮೊಬೈಲಿನ ಕಥೆ ಕೇಳಿದ್ದೇ ಒಳಗೆ ಹೋಗಿ ಒಂದು ಕ್ಯಾರಿಬ್ಯಾಗಿನ ತುಂಬ ಸೋನಾಮಸೂರಿ ತಂದುಕೊಟ್ಟರು. "ಇದರಾಗ ಹುಗದು ಇಡು. ನಮ್ಮ ಗಂಗಾವತಿ ಅಕ್ಕಿ, ನೀರು ಹೀರತೈತಿ." ಹೀರಿತೋ ಇಲ್ಲವೋ, ಮೊಬೈಲಂತೂ ಊರಿಗೆ ಹೋಗುವವರೆಗೆ ಏಳಲಿಲ್ಲ. ಅಕ್ಕಿ ಮಾತ್ರ ಚೆನ್ನಾಗಿತ್ತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಕಡೆಬಾಗಿಲು ಸೇತುವೆ ದಾಟಿದರೆ ಬುಕ್ಕಸಾಗರ. ಬಾಳೆ, ಕಬ್ಬು. ನಡುವೆ ಮುತ್ತುಗದ ಮರಗಳು ಎಲೆ ಉದುರಿಸಿ ಕೆಂಪಗೆ ಹೂಬಿಟ್ಟಿದ್ದವು. ಕಮಲಾಪುರದ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಊಟ ಮುಗಿಸಿ ನೀರು ತುಂಬಿಸಿಕೊಂಡು ಕರಡಿಧಾಮಕ್ಕೆ ಹೊರಟೆವು. ನೀರು ಜಾಸ್ತಿಯೇ ಇರಲಿ. ಒಳಗೆ ಅಂಗಡಿ ಇಲ್ಲ.

ದರೋಜಿ ಕರಡಿಧಾಮ 1994ರಲ್ಲಿ ಆದದ್ದು. ಮೊದಲು ಬಿಳಿಕಲ್ಲು ಮೀಸಲು ಅರಣ್ಯ ಮಾತ್ರ ಇತ್ತು, 2009ರಲ್ಲಿ ಬುಕ್ಕಸಾಗರದ ಕಾಡೂ ಸೇರಿ ಈಗ 82.72 ಚದರ ಕಿಲೋಮೀಟರ್. ಆಗ ಎಲ್ಲವೂ ಬಳ್ಳಾರಿ ಜಿಲ್ಲೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಕಮಲಾಪುರದ ಕಡೆಯದು ಅದಕ್ಕೆ ಸೇರಿತು, ದರೋಜಿ ಊರು ಬಳ್ಳಾರಿಯಲ್ಲೇ ಉಳಿಯಿತು. ಕರಡಿಗಳು ಎರಡೂ ಕಡೆ ಓಡಾಡಿಕೊಂಡಿವೆ.

ಮಧ್ಯಾಹ್ನದ ಮೇಲೆಯೇ ಒಳಗೆ ಬಿಡುತ್ತಾರೆ. ಗೇಟಿನಲ್ಲಿ ತಲೆಗೆ ಇಷ್ಟು, ಗಾಡಿಗೆ ಇಷ್ಟು, ಕ್ಯಾಮೆರಾಕ್ಕೆ ಬೇರೆ. ಲೆನ್ಸ್ ದೊಡ್ಡದಾದರೆ ದುಡ್ಡೂ ದೊಡ್ಡದು. ನಮ್ಮದೇ ಕಾರಿನಲ್ಲಿ ವೀಕ್ಷಣಾ ಗೋಪುರದ ತನಕ ಹೋಗಬಹುದು. ದಾರಿಯಲ್ಲಿ ಇಳಿಯುವಂತಿಲ್ಲ. ನವಿಲುಗಳು ಕಾರಿಗೆ ಹೆದರದೆ ದಾರಿ ದಾಟುತ್ತಿದ್ದವು. ಹುಡುಗ ಬಂಡೆಗಳ ಮೇಲೆ ಹಳದಿ ಕೊರಳಿನ ಪಿಕಳಾರ ಹುಡುಕುತ್ತಿದ್ದ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಸಿಗುವ ಹಕ್ಕಿ ಅದು. ಸಿಕ್ಕಿತು ಕೂಡ, ಗಾಡಿ ನಿಲ್ಲಿಸುವಷ್ಟರಲ್ಲಿ ಹಾರಿತು.

ಗೋಪುರದಿಂದ ಎದುರಿಗೆ ಕಾಣುವುದು ಕರಡಿಕಲ್ಲು ಗುಡ್ಡ. ಮಧ್ಯಾಹ್ನ ಸಿಬ್ಬಂದಿ ಹೋಗಿ ಅಲ್ಲಿನ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಬಂಡೆ ದೂರದಲ್ಲಿದೆ. ದುರ್ಬೀನು ಇಲ್ಲದೆ ಹೋದರೆ ಕಪ್ಪು ಚುಕ್ಕೆ ನೋಡಿಕೊಂಡು ಬರಬೇಕಾಗುತ್ತದೆ.

ಮೂರು ಗಂಟೆಗೆ ಬೆಲ್ಲಕ್ಕೆ ಮೊದಲು ಬಂದವರು ಮುಂಗುಸಿಗಳು. ಆಮೇಲೆ ನವಿಲು. ಆಮೇಲೆ ಪೇಂಟೆಡ್ ಸ್ಪರ್‌ಫೌಲ್ ಅನ್ನುವ ಚುಕ್ಕೆಚುಕ್ಕೆಯ ಕಾಡುಕೋಳಿ ಜೋಡಿ. ಎಲ್ಲ ನೆಕ್ಕುತ್ತಾ ಕುಕ್ಕುತ್ತಾ ಇದ್ದವು. ಗೋಪುರದಲ್ಲಿ ನಮ್ಮ ಜೊತೆ ಬೆಂಗಳೂರಿನ ಒಂದು ಕುಟುಂಬ ಇತ್ತು. ಅವರ ಮಗು "ಕರಡಿ ಯಾವಾಗ?" ಅಂತ ಕೇಳಿ ಕೇಳಿ ನಿದ್ದೆ ಹೋಯಿತು.

ಕಾಯುವ ಹೊತ್ತಿನಲ್ಲಿ ಅಲ್ಲಿದ್ದ ವಾಚರ್ ಅಣ್ಣನ ಹತ್ತಿರ ಮಾತು ಬೆಳೆಯಿತು. ಪಕ್ಕದ ಹಳ್ಳಿಯವರೇ. ಕರಡಿಗೆ ಕಣ್ಣು ಅಷ್ಟಕ್ಕಷ್ಟೇ, ಮೂಗು ಬಲು ಚುರುಕು ಅಂದರು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅದಕ್ಕೆ ಇರುವುದೇ ಇಲ್ಲ. ಆ ಸಂದಿಯಿಂದ ಗೆದ್ದಲನ್ನು ಗಾಳಿಯ ಜೊತೆ ಒಳಗೆ ಎಳೆಯುತ್ತದೆ. ಮಣ್ಣು ಒಳಗೆ ಹೋಗದ ಹಾಗೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಆ ಸದ್ದು ಹೇಗಿರುತ್ತದೆ ಅಂತ ಬಾಯಲ್ಲಿ ಮಾಡಿ ತೋರಿಸಿದರು. ನಮ್ಮ ಅಜ್ಜ ಬಸಿಯಲ್ಲಿ ಚಹಾ ಹಾಕಿಕೊಂಡು ಎಳೆಯುತ್ತಿದ್ದ ಹಾಗೇ ಇತ್ತು. ರಾತ್ರಿ ನೂರು ಮೀಟರ್ ಆಚೆಗೂ ಕೇಳಿಸುತ್ತದಂತೆ.

"ಹೊಲಕ್ಕ ಬರ್ತಾವೇನ್ರಿ?"

"ಬರ್ದ ಇರ್ತಾವೇನು? ಮೆಕ್ಕೆಜೋಳ, ಶೇಂಗಾ, ಕಬ್ಬು, ಎಲ್ಲಾ ರುಚಿ ಗೊತ್ತೈತಿ. ಸೀತಾಫಲ, ಬಾರಿಹಣ್ಣು, ಕವಳಿಹಣ್ಣಿನ ಕಾಲಕ್ಕ ಕಾಡಾಗೇ ಇರ್ತಾವು. ನೀರು ಬಿಡಾಕ ರಾತ್ರಿ ಹೊಲಕ್ಕ ಹೋಗೋರಿಗೆ ಹೆದರಿಕಿ. ಅದು ಬೇಕಂತ ಬರಂಗಿಲ್ರಿ. ನಾವು ಸಪ್ಪಳಿಲ್ದ ಹತ್ರ ಹೋದ್ರ ಅದೂ ಗಾಬರಿ ಆಗತೈತಿ. ಎದ್ದು ನಿಂತು ಮುಖಕ್ಕೇ ಕೈ ಹಾಕತೈತಿ. ಅದಕ್ಕ ಕೆಮ್ಮಿಕೋತ, ಹಾಡಿಕೋತ ಹೋಗ್ರಿ ಅಂತ ನಾವು ಹೇಳ್ತೀವಿ."

ಬೆಲ್ಲ ಹಚ್ಚುವುದರ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ಕಾಡುಪ್ರಾಣಿಗೆ ನಾವು ತಿನಿಸಿ, ಅದು ತಿನ್ನುವುದನ್ನು ಟಿಕೆಟ್ ಕೊಟ್ಟು ನೋಡುವುದು ಸರಿಯಾ? ಹುಡುಗನೂ ಅದನ್ನೇ ಎತ್ತಿದ. ಬಂಡೀಪುರದಲ್ಲಿ ಹೀಗೆ ಮಾಡಿದರೆ ದೊಡ್ಡ ಗಲಾಟೆ ಆಗುತ್ತಿತ್ತು ಅಂದ. ವಾಚರ್ ಅಣ್ಣ ವಾದ ಮಾಡಲಿಲ್ಲ. "ಸ್ವಲ್ಪೇ ಹಚ್ತೀವ್ರಿ, ಹೊಟ್ಟಿ ತುಂಬಂಗಿಲ್ಲ. ಉಳದದ್ದು ಅದೇ ದುಡದು ತಿನ್ನಬೇಕು" ಅಂದರು. ಅವರ ಮಾತಲ್ಲೂ ಹುರುಳಿದೆ. ಕರಡಿ ಹಗಲೆಲ್ಲ ಬಂಡೆಯ ಗವಿಯಲ್ಲಿ ಮಲಗುವ ಪ್ರಾಣಿ. ಈ ಕಲ್ಲುಗುಡ್ಡದಲ್ಲಿ ಜೀಪು ಓಡಿಸಿ ಹುಡುಕುತ್ತೇನೆ ಅಂದರೆ ಆಗುವ ಮಾತಲ್ಲ, ಓಡಿಸಿದರೆ ಗವಿಗಳಿಗೇ ತೊಂದರೆ. ಒಂದು ಬಂಡೆಗೆ ಬೆಲ್ಲ ಹಚ್ಚಿ, ಜನರನ್ನು ಒಂದು ಗೋಪುರದಲ್ಲಿ ಕೂರಿಸಿ, ಉಳಿದ ಕಾಡನ್ನು ಅದರ ಪಾಡಿಗೆ ಬಿಡುವುದು ಕಡಿಮೆ ಕೆಟ್ಟ ದಾರಿ ಅನ್ನಿಸುತ್ತದೆ. ಆದರೂ ಬೆಲ್ಲದ ರುಚಿ ಹತ್ತಿದ ಕರಡಿಗೆ ಕಬ್ಬಿನ ಗದ್ದೆ ಇನ್ನಷ್ಟು ಹತ್ತಿರವಾಗುವುದಿಲ್ಲವೇ? ಈ ಪ್ರಶ್ನೆಗೆ ಆ ದಿನ ಗೋಪುರದಲ್ಲಿ ಯಾರೂ ಉತ್ತರ ಕೊಡಲಿಲ್ಲ, ಯಾಕಂದರೆ ಅಷ್ಟರಲ್ಲಿ ಕರಡಿ ಬಂತು.

ನಾಲ್ಕೂ ಮುಕ್ಕಾಲು. ಗುಡ್ಡದ ಮೇಲಿನ ಎರಡು ಗುಂಡುಗಳ ಸಂದಿಯಲ್ಲಿ ಕಪ್ಪಗೆ ಏನೋ ಅಲುಗಿತು. ಹೊರಗೆ ಬಂದದ್ದು ದೊಡ್ಡ ಗಂಡು. ಯಾವ ಅವಸರವೂ ಇಲ್ಲ. ಎರಡು ಹೆಜ್ಜೆ ಇಡುವುದು, ಮೂತಿ ಎತ್ತಿ ಗಾಳಿ ಮೂಸುವುದು, ಮತ್ತೆರಡು ಹೆಜ್ಜೆ. ದುರ್ಬೀನಿನಲ್ಲಿ ಎದೆಯ ಮೇಲಿನ ಬಿಳಿ ಪಟ್ಟೆ ಚೆನ್ನಾಗಿ ಕಂಡಿತು. ಉಗುರು ಬೆರಳಿಗಿಂತ ಉದ್ದ. ಬಂಡೆಗೆ ಬಂದು ನೆಕ್ಕತೊಡಗಿತು. ನವಿಲುಗಳು ಸ್ವಲ್ಪ ಸರಿದು ಕೊಟ್ಟವು, ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಇನ್ನೊಂದು. ಇದರ ಬೆನ್ನು ಗಂಟುಗಂಟಾಗಿ ಕಂಡಿತು. "ಮರಿ!" ಅಂತ ಹುಡುಗ ಪಿಸುಗುಟ್ಟಿದ. ಎರಡು ಮರಿ, ತಾಯಿಯ ಬೆನ್ನಿನ ಉದ್ದ ಕೂದಲು ಹಿಡಿದುಕೊಂಡು ಕೂತಿದ್ದವು. ಕರಡಿ ಕುಟುಂಬದಲ್ಲಿ ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವುದು ನಮ್ಮ ಕರಡಿಯ ರೂಢಿ. ಚಳಿಗಾಲದಲ್ಲಿ ಗವಿಯಲ್ಲಿ ಹುಟ್ಟಿದ ಮರಿಗಳು ಈ ಹೊತ್ತಿಗೆ ಹೊರಗೆ ಬರಲು ಶುರು. ತಾಯಿ ಗಂಡನ್ನು ನೋಡಿದ್ದೇ ನಿಂತಿತು. ಬಂಡೆಗೆ ಬರಲೇ ಇಲ್ಲ. ಗಂಡು ಮರಿಗಳನ್ನು ಕೊಲ್ಲುವುದೂ ಉಂಟು. ಗಿಡಗಳ ಮರೆಯಲ್ಲಿ ಬಳಸಿಕೊಂಡು ಗುಡ್ಡದ ಆ ಬದಿಗೆ ಹೋಯಿತು. ಬೆಲ್ಲ ಬಿಟ್ಟು ಹೋಯಿತಲ್ಲ, ನನಗೆ ಅದೇ ಹೆಚ್ಚು ಹಿಡಿಸಿತು.

ಬೆಂಗಳೂರಿನ ಮಗು ಎದ್ದಾಗ ಕೊನೆಗೆ ಬಂದ ಒಂದು ಹಂದಿ ಹಿಂಡು ಮಾತ್ರ ಉಳಿದಿತ್ತು. ಅದನ್ನೇ ಕರಡಿ ಅಂತ ಅಪ್ಪ ತೋರಿಸಿದ. ಯಾರೂ ತಿದ್ದಲಿಲ್ಲ.

ಮೂರನೇ ದಿನ: ದರೋಜಿ ಕೆರೆ, ಸಂಡೂರು, ವಾಪಸ್

ಹುಡುಗನ ಹಠಕ್ಕೆ ಬೆಳಿಗ್ಗೆ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯಕ್ಕೆ ಹೋದೆವು. 2017ರಲ್ಲಿ ತೆರೆದದ್ದು. ಜಾಲರಿ ಹಾಕಿದ ಬಸ್ಸಿನಲ್ಲಿ ಹುಲಿ, ಸಿಂಹ, ಜಿಂಕೆಗಳ ಸಫಾರಿ. ಚೊಕ್ಕವಾಗಿದೆ, ಸಣ್ಣ ಮಕ್ಕಳಿದ್ದರೆ ಖುಷಿಯಾಗುತ್ತದೆ. ಹಿಂದಿನ ದಿನ ಮರಿ ಹೊತ್ತ ಕರಡಿ ನೋಡಿ ಬಂದ ನಮಗೆ ನೆರಳಲ್ಲಿ ಮಲಗಿದ ಸಿಂಹ ಅಷ್ಟೇನೂ ಅನ್ನಿಸಲಿಲ್ಲ.

ಅಲ್ಲಿಂದ ದರೋಜಿ ಊರಿನ ದಾರಿ. ಕೆರೆ ಇನ್ನೇನು ಕಾಣಬೇಕು, ಕಾರು ಒಂದು ಕಡೆ ಎಳೆಯತೊಡಗಿತು. ಇಳಿದು ನೋಡಿದರೆ ಟೈರಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು. ಈ ಕಡೆ ಬದಿಗೆ ಗಾಡಿ ಇಳಿಸುವ ಮುಂಚೆ ನೆಲ ನೋಡಬೇಕು. ಅಮೆರಿಕಾ ಖಂಡದಿಂದ ಬಂದ ಈ ಗಿಡ ಕೆರೆ ಅಂಗಳ, ಗೋಮಾಳ, ಹಳ್ಳದ ದಂಡೆ ಎಲ್ಲಾ ಆವರಿಸಿಕೊಂಡಿದೆ. ಹುಲ್ಲು ಬೆಳೆಯಲು ಬಿಡುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ.

ಪಂಚರ್ ಹಾಕುವ ಹುಡುಗ ಟ್ಯೂಬು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾ, "ಸರ್, ಇದು ನಮ್ಮ ಅನ್ನ ಕೊಡೋ ಗಿಡ" ಅಂದ. ಟೈರಿಗೆ ಚುಚ್ಚಿ ಅವನಿಗೆ ಕೆಲಸ ಕೊಡುತ್ತದೆ, ಇದ್ದಿಲು ಸುಡುವವರಿಗೆ ಸೌದೆ ಕೊಡುತ್ತದೆ. ಬುರ್ರಕಥೆಯ ಈರಮ್ಮ ಅವರ ಊರು ಇದೇ ಅಲ್ವಾ ಅಂತ ಕೇಳಿದೆ. ಕೈ ಒರೆಸಿಕೊಂಡು ಎದ್ದು ನಿಂತ. 2014ರಲ್ಲಿ ತೀರಿಹೋದರು, ಅವರ ಹಾಡು ಸಣ್ಣವನಿದ್ದಾಗ ಕೇಳಿದ್ದೇನೆ ಅಂದ. ರಾತ್ರಿಯಿಡೀ ಕಥೆ ನಡೆಯುತ್ತಿತ್ತಂತೆ. ಅವನಿಗೆ ನೆನಪಿರುವುದು ಮಧ್ಯದಲ್ಲಿ ನಿದ್ದೆ ಬಂದು ಅಮ್ಮನ ಕೈಲಿ ಹೊಡೆಸಿಕೊಂಡದ್ದು.

ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇನ್ನೂ ಇದ್ದವು. ಹಿಮಾಲಯ ದಾಟಿ ಬಂದು ಚಳಿಗಾಲ ಕಳೆದು ಬೇಸಿಗೆ ಏರುವ ಮುಂಚೆ ಹೊರಡುವ ಹಕ್ಕಿಗಳು. ಹತ್ತಿರದ ಹೊಲದಲ್ಲಿ ಮೇಯ್ದು ಬಂದು ನೀರಿನಲ್ಲಿ ಕೂತಿದ್ದವು. ಹಕ್ಕಿಗಳಿಗೇ ಅಂತ ಬರುವವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೂ ಒಂದು ದಿನ ಇಟ್ಟುಕೊಳ್ಳಿ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ತಾಣಗಳ ಪಟ್ಟಿಗೆ, ಸೇರಿದ ಕೆರೆ. ಪಂಚರ್ ನಮ್ಮ ಅರ್ಧ ದಿನ ತಿಂದಿದ್ದರಿಂದ ಅದನ್ನು ಬಿಡಬೇಕಾಯಿತು.

ತೋರಣಗಲ್ಲು ದಾಟಿ ಸಂಡೂರಿನ ಕಡೆ ತಿರುಗಿದರೆ ದೂಳೇ ಕೆಂಪು. ಅದಿರಿನ ಲಾರಿಗಳ ಹಿಂದೆ ಕಿಟಕಿ ಏರಿಸಿಕೊಂಡು ಹೋಗಬೇಕು. ರಸ್ತೆ ಬದಿಯ ಮರ, ಮನೆ, ದನ ಎಲ್ಲಾ ಒಂದೇ ಬಣ್ಣ. ಆಮೇಲೆ ಬೆಟ್ಟಗಳ ಒಳಗೆ ನುಸುಳಿದ ಮೇಲೆ ಬೇರೆಯದೇ ನಾಡು. ಇಳಿಜಾರಿನಲ್ಲಿ ನಿಜಕ್ಕೂ ಮರಗಳಿವೆ. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ ಅಂತ ಗಾಂಧೀಜಿ ಹೇಳಿದ್ದರು ಅಂತ ಇಲ್ಲಿ ಚಹಾ ಅಂಗಡಿಯವರೂ ಹೇಳುತ್ತಾರೆ. ಫೆಬ್ರುವರಿಯಲ್ಲೂ ನೋಡಬಹುದು, ಮಳೆಯ ನಂತರದ ಹಸಿರು ಇರುವುದಿಲ್ಲ ಅಷ್ಟೇ.

ನಾರಿಹಳ್ಳದ ಹತ್ತಿರ ನಿಂತು ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿದೆವು. ಪಕ್ಕದಲ್ಲಿ ಲಾರಿ ನಿಲ್ಲಿಸಿದ ಡ್ರೈವರ್ ಅಣ್ಣ ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಂಡರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಮನೆಯಲ್ಲಿ ಕೂತಿದ್ದರಂತೆ. ಸಾಲ ತೀರಿಸಲು ಲಾರಿ ಮಾರಿದರು. ಆಮೇಲೆ ಗಣಿಗಳು ಒಂದೊಂದಾಗ ತೆರೆದ ಮೇಲೆ ಬೇರೆಯವರ ಲಾರಿಗೆ ಸೇರಿದರು.

"ಆ ಟೈಮಿನ್ಯಾಗ ಒಂದು ಚಲೋ ಆತ್ರಿ. ರಾತ್ರಿ ಗಾಡಿ ಇಲ್ಲ, ಬ್ಲಾಸ್ಟ್ ಇಲ್ಲ. ಗಣಿ ರಸ್ತೇಕ್ಕ ಕರಡಿ, ಚಿರತಿ ಬಂದು ಕೂಡತಿದ್ವು. ನಮ್ಮೂರಾಗಿನ ಮಂದಿ ನೋಡ್ಯಾರ."

"ಈಗ?"

"ಈಗ ನಮ್ಮ ಲೈಟ್ ಕಂಡ ಕೂಡ್ಲೇ ಸರೀತಾವು. ನಾನು ಹಾರ್ನ್ ಹಾಕಂಗಿಲ್ಲ. ಲೈಟ್ ಡಿಮ್ ಮಾಡಿ ನಿಂತಬಿಡ್ತೀನಿ. ಹಿಂದಿನ ಗಾಡ್ಯಾವ ಬೈತಾನ."

ಹುಡುಗ ಅವರ ಫೋಟೋ ತೆಗೆದ. ಊರಿಗೆ ಬಂದು ಎಲ್ಲಾ ಚಿತ್ರ ಹಾಕಿ ನೋಡುವಾಗ ಕರಡಿಗಿಂತ ಆ ಚಿತ್ರವೇ ಚೆನ್ನಾಗಿ ಬಂದಿತ್ತು. ಹಿಂದೆ ಕೆಂಪು ಬೆಟ್ಟ, ಕೈಯಲ್ಲಿ ಅರ್ಧ ರೊಟ್ಟಿ.

ಬಳ್ಳಾರಿ, ಸಿರುಗುಪ್ಪ ಮೇಲೆ ರಾಯಚೂರಿಗೆ ತಿರುಗಿದೆವು. ಸಿರುಗುಪ್ಪದ ಹತ್ತಿರ ಹೊಲಗಳಲ್ಲಿ ಮೆಣಸಿನಕಾಯಿ ಒಣಹಾಕಿದ್ದರು, ಕಾರಿನೊಳಗೆ ಮೂವರೂ ಸೀನಿದ್ದೇ ಸೀನಿದ್ದು. ಮನೆ ತಲುಪಿದಾಗ ರಾತ್ರಿ ಹತ್ತು ದಾಟಿತ್ತು.

ಮರುದಿನ ಕಾರು ತೊಳೆಸಲು ಒಯ್ದರೆ ಸರ್ವಿಸ್ ಸ್ಟೇಷನ್ನಿನ ಹುಡುಗ ಬಂಪರಿನ ಮೇಲೆ ಬೆರಳು ಎಳೆದು ನೋಡಿ, "ಸಂಡೂರಿಗೆ ಹೋಗಿದ್ರೇನ್ರಿ? ಐವತ್ತು ಜಾಸ್ತಿ ಆಗತೈತಿ" ಅಂದ. ನಮ್ಮವರು ಚೌಕಾಸಿ ಮಾಡಿ ಮೂವತ್ತಕ್ಕೆ ಒಪ್ಪಿಸಿದರು.